ಕಸ್ತೂರಿ ಆಮೆಯನ್ನು ನಮ್ಮ ಕೆರೆಗೆ ಬಿಡಬಹುದೆ?

ಸೇಡಂ ರಸ್ತೆ, ಕಲಬುರಗಿ:

ಎಲ್ಲರಿಗೂ ಶರಣು. ನನ್ನ ಅಣ್ಣನ ಮಗ ಓದಲು ಪುಣೆಗೆ ಹೋಗುವಾಗ ತಾನು ಸಾಕಿದ್ದ ಆಮೆಯನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ. ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಅದನ್ನು ಕೊಂಡಾಗ ಮಾರಿದವರು ‘ಇದು ಬೆಳೆಯುವ ಜಾತಿಯಲ್ಲ, ನಾಲ್ಕೈದು ವರ್ಷ ಬಾಳುತ್ತದೆ, ಅಷ್ಟೇ’ ಎಂದಿದ್ದರಂತೆ. ಅಡಿಪಟ್ಟಿ ಹಿಡಿದು ನೋಡಿದರೆ ಈಗ ಬೆನ್ನುಚಿಪ್ಪು 9 ಸೆಂಟಿಮೀಟರ್ ಇದೆ. ಚಿಪ್ಪು ಕಪ್ಪುಗಂದು. ಮೂಗಿನ ತುದಿಯಿಂದ ಹೊರಟ ಎರಡು ಹಳದಿ ಗೆರೆಗಳಲ್ಲಿ ಒಂದು ಕಣ್ಣಿನ ಮೇಲೆ, ಇನ್ನೊಂದು ಕಣ್ಣಿನ ಕೆಳಗೆ ಹಾದು ಕುತ್ತಿಗೆಯ ಕಡೆ ಹೋಗುತ್ತವೆ. ಗದ್ದದ ಕೆಳಗೆ ಚರ್ಮದ ಸಣ್ಣ ಸಣ್ಣ ಕುಚ್ಚುಗಳಿವೆ.

ಕಳೆದ ಸೋಮವಾರ ನೀರು ಬದಲಿಸಲೆಂದು ಎತ್ತಿದಾಗ ಅದರ ಪಕ್ಕೆಯಿಂದ ಹಳದಿ ಬಣ್ಣದ ದ್ರವ ಒಸರಿತು. ಸುಟ್ಟ ವೈರಿನ ವಾಸನೆಗೆ ಕೊಳೆತ ಎಲೆಯ ವಾಸನೆ ಸೇರಿದಂತಿತ್ತು. ಸೋಪಿನಿಂದ ಎರಡು ಸಲ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಇದು ರೋಗವೋ ಸ್ವಭಾವವೋ ತಿಳಿಯದು. ಮಧ್ಯಾಹ್ನ ಮೂರು ಗಂಟೆಗೆ ತೊಟ್ಟಿಯ ನೀರು 33 ಡಿಗ್ರಿ ಮುಟ್ಟುತ್ತಿದೆ. ನಮ್ಮ ಅತ್ತೆಯವರು ‘ಪಾಪ, ಗಾಜಿನೊಳಗೆ ಯಾಕೆ ಬೇಯಿಸುತ್ತೀ, ಶರಣಬಸವೇಶ್ವರ ಕೆರೆಗೆ ಬಿಟ್ಟು ಬಾ, ಪುಣ್ಯ ಬರುತ್ತದೆ’ ಎನ್ನುತ್ತಿದ್ದಾರೆ. ಬಿಡಬಹುದೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಬೆಣ್ಣೆತೊರೆ, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಕಲಬುರಗಿ:

ತಂಗಿ, ಕೆರೆಗೆ ಬಿಡುವ ಮಾತನ್ನು ದಯವಿಟ್ಟು ಸ್ವಲ್ಪ ತಡೆಯಿರಿ. ಮೊದಲು ಇದು ಯಾವ ಪ್ರಾಣಿ ಎಂದು ನೋಡೋಣ.

ನೀವು ಕೊಟ್ಟ ಎರಡು ಗುರುತುಗಳೇ, ಅಂದರೆ ತಲೆಯ ಎರಡು ಗೆರೆ ಮತ್ತು ಗದ್ದದ ಕುಚ್ಚು, ಸಾಕು. ಇದು ಸಾಮಾನ್ಯ ಕಸ್ತೂರಿ ಆಮೆ. ಶಾಸ್ತ್ರೀಯ ಹೆಸರು ಸ್ಟರ್ನೊಥೀರಸ್ ಓಡೊರೇಟಸ್. ತಿರುಗಿಸಿ ನೋಡಿದರೆ ಹೊಟ್ಟೆಯ ಕಡೆಯ ಚಿಪ್ಪು ದೇಹಕ್ಕೆ ಸಾಲದ ಅಂಗಿಯಂತೆ ಚಿಕ್ಕದಾಗಿ, ಸುತ್ತಲೂ ಬರಿಯ ಚರ್ಮ ಕಾಣುತ್ತದೆ. ನಮ್ಮ ನಕ್ಷತ್ರ ಆಮೆಯ ಹಾಗೆ ಪೂರ್ತಿ ಒಳಗೆ ಸರಿದು ಬಾಗಿಲು ಹಾಕಿಕೊಳ್ಳುವ ಭಾಗ್ಯ ಇದಕ್ಕಿಲ್ಲ. ಆ ಕೊರತೆಯನ್ನು ತುಂಬಿಕೊಡುವುದು ವಾಸನೆ. ಬೆನ್ನುಚಿಪ್ಪಿನ ಅಂಚಿನ ಕೆಳಗೆ, ಎರಡೂ ಪಕ್ಕೆಗಳಲ್ಲಿ ಎರಡೆರಡರಂತೆ ನಾಲ್ಕು ಗ್ರಂಥಿಗಳಿದ್ದು, ಯಾರಾದರೂ ಹಿಡಿದಾಗ ಅವು ಒಸರುತ್ತವೆ. ಆದ್ದರಿಂದ ಇದು ರೋಗವಲ್ಲ; ನಿಮ್ಮ ಕೈಗೆ ಅದು ಹೆದರಿತು, ಅಷ್ಟೇ.

ಆ ದ್ರವವನ್ನು 1977ರಲ್ಲಿ ಅಮೆರಿಕದ ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಪರೀಕ್ಷಿಸಿ, ಫಿನೈಲ್ ಆಲ್ಕನೋಯಿಕ್ ಆಮ್ಲಗಳೆಂಬ ಸಂಯುಕ್ತಗಳು ಅದರಲ್ಲಿವೆ ಎಂದು ತೋರಿಸಿದರು. ಎಳ್ಳಷ್ಟಿದ್ದರೂ ನಮ್ಮ ಮೂಗಿಗೆ ತಿಳಿಯುವಂಥವು ಅವು. ಕಸ್ತೂರಿ ಎಂದೊಡನೆ ನಮ್ಮ ಮನಸ್ಸಿಗೆ ಪರಿಮಳ ಬರುತ್ತದೆ, ದೇವರ ಹಣೆಯ ತಿಲಕ ಬರುತ್ತದೆ. ಇಲ್ಲಿ ಆ ಹೆಸರು ಬಂದದ್ದು ಗ್ರಂಥಿಯ ಸ್ರಾವದಿಂದ ಮಾತ್ರ. ಅದರ ಸ್ವದೇಶದಲ್ಲಿ ಜನ ಇದನ್ನು ‘ನಾತದ ಗಡಿಗೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಅಂಗಡಿಯವರು ಹೇಳಿದ ಎರಡು ಮಾತುಗಳಲ್ಲಿ ಒಂದು ಅರ್ಧ ಸತ್ಯ, ಇನ್ನೊಂದು ಪೂರ್ತಿ ಸುಳ್ಳು. ಈ ಜಾತಿ ಬಹಳ ದೊಡ್ಡದಾಗುವುದಿಲ್ಲ. 14 ಸೆಂಟಿಮೀಟರ್ ಎಂದರೆ ಅದರ ಮಟ್ಟಿಗೆ ದೈತ್ಯ. ಆಯುಷ್ಯದ ಮಾತು ಬೇರೆ. ಫಿಲಡೆಲ್ಫಿಯಾದ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಕಸ್ತೂರಿ ಆಮೆ 54 ವರ್ಷ ಬಾಳಿದ ದಾಖಲೆಯಿದೆ. ನಿಮ್ಮ ಅಣ್ಣನ ಮಗ ಓದು ಮುಗಿಸಿ, ಮದುವೆಯಾಗಿ, ಅವನ ಮಕ್ಕಳು ಕಾಲೇಜು ಮೆಟ್ಟಿಲು ಹತ್ತುವ ಕಾಲಕ್ಕೂ ಅದು ಇರಬಹುದು.

ಕಾರಂಜಾ, ಬೀದರ್:

ಅಕ್ಕನವರೆ, ಉಪನ್ಯಾಸಕರು ಪ್ರಾಣಿಯನ್ನು ಗುರುತಿಸಿಕೊಟ್ಟರು. ನಾನು ನೀರಿನ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನಾಳೆಯವರೆಗೆ ಕಾಯುವಂಥದ್ದಲ್ಲ. ಹದಿನೈದು ವರ್ಷಗಳಿಂದ ಮನೆಯಲ್ಲಿ ಮೀನಿನ ತೊಟ್ಟಿಗಳನ್ನು ಇಟ್ಟುಕೊಂಡಿದ್ದೇನೆ. ಕಸ್ತೂರಿ ಆಮೆಗೆ 22ರಿಂದ 26 ಡಿಗ್ರಿಯ ನೀರು ಹಿತ. 33 ಡಿಗ್ರಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗಿರುತ್ತದೆ, ಅದೇ ಹೊತ್ತಿಗೆ ಪ್ರಾಣಿಯ ದೇಹ ಹೆಚ್ಚು ಆಮ್ಲಜನಕ ಬೇಡುತ್ತದೆ. ತಿಂದದ್ದರ ಕೊಳೆಯೂ ಬೇಗ ಕೊಳೆಯುತ್ತದೆ.

ಮಂಜುಗಡ್ಡೆ ಹಾಕಬೇಡಿ, ಒಮ್ಮೆಲೇ ತಣ್ಣಗಾಗುವುದು ಬಿಸಿಗಿಂತ ಕೆಟ್ಟದ್ದು. ನಮ್ಮ ಕಡೆಯ ಬಿಸಿಲು ಒಣ ಬಿಸಿಲು, ಅದರಿಂದಲೇ ನಮಗೆ ಒಂದು ಅನುಕೂಲವಿದೆ. ತೊಟ್ಟಿಯ ಮೂರು ಪಕ್ಕಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಮೇಲಿನ ಗಾಜಿನ ಮುಚ್ಚಳ ತೆಗೆದು ಜಾಳಿಗೆ ಹಾಕಿ, ಸಣ್ಣ ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಇಡಿ. ಮಡಕೆಯ ನೀರು ತಣ್ಣಗಾಗುವ ರೀತಿಯೇ ಇದು. ಮೇ ತಿಂಗಳಲ್ಲೂ ನನ್ನ ತೊಟ್ಟಿಗಳು ಇದರಿಂದ ನಾಲ್ಕೈದು ಡಿಗ್ರಿ ಇಳಿದಿವೆ. ನೀರು ಬೇಗ ಆರುತ್ತದೆ, ದಿನವೂ ತುಂಬಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ. ನೀರು ಎಷ್ಟು ಆಳ ಇಟ್ಟಿದ್ದೀರಿ, ಒಳಗೆ ಹತ್ತಲು ಏನಿದೆ?

ಸೇಡಂ ರಸ್ತೆ, ಕಲಬುರಗಿ:

ಬಹಳ ಉಪಕಾರವಾಯಿತು, ಅಣ್ಣಾವ್ರೆ. ಈಗಲೇ ಗೋಣಿಚೀಲ ಸುತ್ತಿದೆ. ನೀರು ಒಂದೂವರೆ ಅಡಿ ಇದೆ, ತಳದಲ್ಲಿ ಬಣ್ಣದ ಹರಳುಗಳಿವೆ, ಹತ್ತಲು ಏನೂ ಇಲ್ಲ. ಆಮೆ ನೀರಿನ ಪ್ರಾಣಿ ತಾನೆ, ಈಜುತ್ತದೆ ಎಂದುಕೊಂಡಿದ್ದೆವು.

ಕಾರಂಜಾ, ಬೀದರ್:

ನೀರನ್ನು ಇವತ್ತೇ ಅರ್ಧ ಅಡಿಗೆ ಇಳಿಸಿರಿ. ಕಸ್ತೂರಿ ಆಮೆ ತಳದಲ್ಲಿ ನಡೆಯುವ ಪ್ರಾಣಿ, ಈಜು ಅದರ ದೌರ್ಬಲ್ಯ. ಮೇಲೆ ಬಂದು ಉಸಿರಾಡಲು ದಿನವಿಡೀ ಒಂದೂವರೆ ಅಡಿ ಈಜುವಂತೆ ಮಾಡಿದರೆ ಅದು ದಣಿಯುತ್ತದೆ. ನೀರು ಹೆಚ್ಚಿಡಬೇಕೆಂದರೆ ತಳದಿಂದ ಮೇಲಿನವರೆಗೆ ಹತ್ತುವ ದಾರಿ ಬೇಕು. ಒಂದು ದಪ್ಪ ಬೇರು, ಓರೆಯಾಗಿ ನಿಲ್ಲಿಸಿದ ಕಟ್ಟಿಗೆ, ಯಾವುದಾದರೂ ಆದೀತು. ಬಣ್ಣದ ಹರಳು ತೆಗೆಯಿರಿ, ಹುಳುವೆಂದು ಬಾಯಿಗೆ ಹಾಕಿಕೊಂಡರೆ ಕಷ್ಟ. ಶಹಾಬಾದ ಕಲ್ಲಿನ ತುಂಡೊಂದನ್ನು ನೀರಿನಿಂದ ಅರ್ಧ ಮೇಲೆ ಬರುವಂತೆ ಓರೆಯಾಗಿ ಇಟ್ಟರೆ ಮೈ ಒಣಗಿಸಿಕೊಳ್ಳಲು ಜಾಗವಾಗುತ್ತದೆ. ಅದು ಸುಣ್ಣದ ಕಲ್ಲು, ನೀರನ್ನು ತುಸು ಗಡಸು ಮಾಡುತ್ತದೆ. ಆಮೆಗೆ ಅದರಿಂದ ತೊಂದರೆಯಿಲ್ಲ.

ಕಾಗಿಣಾ, ವಿದ್ಯಾರ್ಥಿನಿ, ಶಹಾಬಾದ:

ಸರ್, ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಸ್ತೂರಿ ಆಮೆ ನೀರಿನೊಳಗೇ ಉಸಿರಾಡಬಲ್ಲದು, ತಿಂಗಳುಗಟ್ಟಲೆ ಮೇಲೆ ಬರದೆ ಇರಬಲ್ಲದು ಎಂದು ಒಂದೆಡೆ ಓದಿದ್ದೇನೆ. ಹಾಗಿದ್ದರೆ ಒಂದೂವರೆ ಅಡಿ ನೀರಿನಲ್ಲಿ ದಣಿಯುವುದು ಹೇಗೆ? ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಬೆಣ್ಣೆತೊರೆ, ಕಲಬುರಗಿ:

ಒಳ್ಳೆಯ ಪ್ರಶ್ನೆ, ಮಗಳೆ. ಎರಡೂ ಮಾತು ನಿಜ. ನಡುವೆ ನಿಂತಿರುವುದು ನೀರಿನ ಉಷ್ಣತೆ.

ಈ ಆಮೆಯ ತವರು ಉತ್ತರ ಅಮೆರಿಕದ ಪೂರ್ವಭಾಗ. ಕೆನಡಾದ ದಕ್ಷಿಣದ ಕೆರೆಗಳಿಂದ ಹಿಡಿದು ಕೆಳಗೆ ಫ್ಲಾರಿಡಾ, ಟೆಕ್ಸಸ್‌ವರೆಗೆ, ನಿಧಾನವಾಗಿ ಹರಿಯುವ ಹೊಳೆಗಳಲ್ಲೂ ಕೆಸರು ತಳದ ಕೆರೆಗಳಲ್ಲೂ ಅದು ಇದೆ. ಉತ್ತರದ ಕೆರೆಗಳ ಮೇಲ್ಮೈ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಮೇಲೆ ಬಂದು ಉಸಿರಾಡುವ ದಾರಿಯೇ ಮುಚ್ಚಿಹೋಗುತ್ತದೆ. ಆಗ ಅದು ತಳದ ಕೆಸರಿನಲ್ಲೋ ಕಲ್ಲಿನ ಸಂದಿನಲ್ಲೋ ಅಡಗಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಚರ್ಮದಿಂದಲೂ ಬಾಯಿಯಿಂದಲೂ ಹೀರಿಕೊಂಡು ಬದುಕುತ್ತದೆ. 2010ರಲ್ಲಿ ವಿಯೆನ್ನಾದ ಸಂಶೋಧಕರು ಇದರ ನಾಲಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆಹಾರ ತಳ್ಳಲು ಏನೇನೂ ಸಾಲದ ಆ ದುರ್ಬಲ ನಾಲಿಗೆಯ ಮೇಲೂ ಗಂಟಲ ಗೋಡೆಯ ಮೇಲೂ ರಕ್ತನಾಳ ತುಂಬಿದ ಸಣ್ಣ ಸಣ್ಣ ಮೊಗ್ಗುಗಳು ಒತ್ತಾಗಿ ಬೆಳೆದಿರುವುದನ್ನು ಕಂಡರು. ಬಾಯೊಳಗೆ ನೀರು ಎಳೆದು ಬಿಡುವಾಗ ಆ ಮೊಗ್ಗುಗಳು ಹೆಚ್ಚುಕಡಿಮೆ ಮೀನಿನ ಕಿವಿರಿನ ಕೆಲಸ ಮಾಡುತ್ತವೆ.

ಆದರೆ ಇದು ತಣ್ಣೀರಿನ ಲೆಕ್ಕ. ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ನೀರು ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ತಂಪಿನಲ್ಲಿ ಆಮೆಯ ದೇಹದ ಖರ್ಚು ಬಹಳ ಕಡಿಮೆ, ನೀರಿನಲ್ಲಿ ಆಮ್ಲಜನಕವೂ ಯಥೇಚ್ಛ. ಆ ಸಣ್ಣ ಆದಾಯ ಆ ಸಣ್ಣ ಖರ್ಚಿಗೆ ಸರಿಹೋಗುತ್ತದೆ. 33 ಡಿಗ್ರಿಯಲ್ಲಿ ಖರ್ಚು ಹಲವು ಪಟ್ಟು ಏರಿ ಆದಾಯ ಇಳಿಯುವುದರಿಂದ ಮೂಗನ್ನು ಮೇಲಕ್ಕೆ ತಂದು ಶ್ವಾಸಕೋಶ ತುಂಬಿಕೊಳ್ಳದೆ ಬೇರೆ ದಾರಿಯಿಲ್ಲ. ಬೀದರಿನವರು ಹೇಳಿದ್ದು ಅಕ್ಷರಶಃ ಸರಿ.

ಕೆಲವು ವಿಚಿತ್ರಗಳನ್ನೂ ಹೇಳಿಬಿಡುತ್ತೇನೆ. ಚೆನ್ನಾಗಿ ಈಜಲು ಬಾರದ ಈ ಪ್ರಾಣಿ ಮರ ಹತ್ತುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಯನ್ನು ಉಗುರಿನಿಂದ ಹಿಡಿದು ಮೇಲೇರಿ ಬಿಸಿಲು ಕಾಯುತ್ತದೆ, ದೋಣಿ ಹತ್ತಿರ ಬಂದರೆ ಕೈಬಿಟ್ಟು ನೀರಿಗೆ ಬೀಳುತ್ತದೆ. ಮೊಟ್ಟೆಯ ಸಿಪ್ಪೆ ಗಟ್ಟಿ. ಒಂದು ಸಲಕ್ಕೆ ಒಂದರಿಂದ ಒಂಬತ್ತು. ಕೊಳೆತ ಮರದ ದಿಮ್ಮಿಯ ಕೆಳಗೆ, ಕೆಲವೊಮ್ಮೆ ಹಲವು ಹೆಣ್ಣುಗಳು ಒಂದೇ ಕಡೆ ಇಡುತ್ತವೆ. ಹೊರಬಂದ ಮರಿ ನಮ್ಮ ಒಂದು ರೂಪಾಯಿ ನಾಣ್ಯದಷ್ಟಿರುತ್ತದೆ, ಆ ಗಾತ್ರದಲ್ಲೇ ನಾತ ಬಿಡಬಲ್ಲದು. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಗೂಡಿನ ಉಷ್ಣತೆ.

ಬೋನಾಳ ಸೀಮೆ, ಸುರಪುರ ತಾಲೂಕು, ಯಾದಗಿರಿ:

ಗುರುಗಳೆ, ಶರಣು. ನಾನು ರೈತ, ಆಮೆ ಸಾಕಿದವನಲ್ಲ. ಮಂಜಿನ ಕೆಳಗೆ ಉಸಿರು ಹಿಡಿದು ಬದುಕುವ ಆಮೆಯ ಬಗ್ಗೆ ಓದಿದಾಗ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕೆನಿಸಿತು. ಹೋದ ಏಪ್ರಿಲಿನಲ್ಲಿ ನಮ್ಮೂರ ಕೆರೆ ಪೂರ್ತಿ ಬತ್ತಿತ್ತು. ಹೊಲಕ್ಕೆ ಹಾಕಲು ಹೂಳು ಅಗೆಯುತ್ತಿದ್ದೆವು. ಮೇಲಿನ ಮಣ್ಣು ಬಿರುಕು ಬಿಟ್ಟು ಹೆಂಟೆಯಾಗಿತ್ತು. ಅದರ ಕೆಳಗೆ, ಮೊಳದಷ್ಟು ಆಳದಲ್ಲಿ, ಇನ್ನೂ ತೇವವಿದ್ದ ಕರಿ ಮಣ್ಣು. ಸಲಿಕೆ ಏನೋ ತಾಗಿ ನಿಂತಿತು. ಕೈಯಿಂದ ಬಿಡಿಸಿ ನೋಡಿದರೆ ತಟ್ಟೆಯಷ್ಟು ಅಗಲದ ಆಮೆ. ಚಿಪ್ಪು ಗಟ್ಟಿಯಿರಲಿಲ್ಲ, ಎಣ್ಣೆ ಸವರಿದ ಚರ್ಮದ ಹಾಗಿತ್ತು. ತಲೆ ಕಾಲು ಯಾವುದೂ ಕಾಣಿಸುತ್ತಿರಲಿಲ್ಲ; ಹಿಂಗಾಲಿನ ಜಾಗವನ್ನು ಎರಡು ಚರ್ಮದ ಮುಚ್ಚಳಗಳು ಮುಚ್ಚಿದ್ದವು. ಸತ್ತಿದೆ ಎಂದೇ ಭಾವಿಸಿದೆವು. ನೆರಳಿಗೆ ಒಯ್ದು ಸ್ವಲ್ಪ ನೀರು ಚಿಮುಕಿಸಿದ ಮೇಲೆ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿಗೆ, ಆ ಮುಚ್ಚಳ ತುಸುವೇ ಸರಿದು ಒಳಗಿನಿಂದ ಕಾಲ ಉಗುರು ಹೊರಬಂತು.

ನಮ್ಮ ತಂದೆಯವರು ‘ಅದು ಮಳೆಗಾಲಕ್ಕೆ ಕಾಯುತ್ತಿದೆ, ಎಬ್ಬಿಸಬೇಡಿ’ ಎಂದರು. ಕೆರೆಯ ಇನ್ನೊಂದು ಮೂಲೆಯಲ್ಲಿ, ಅಗೆಯದ ಜಾಗದಲ್ಲಿ, ಅಷ್ಟೇ ಆಳಕ್ಕೆ ಹೂತು ಮೇಲೆ ಹಸಿ ಮಣ್ಣು ಮುಚ್ಚಿ ಬಂದೆವು. ಇದು ಯಾವ ಆಮೆ, ನಾವು ಮಾಡಿದ್ದು ಸರಿಯೆ?

ಬೆಣ್ಣೆತೊರೆ, ಕಲಬುರಗಿ:

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಕಂಡದ್ದು ಮುಚ್ಚಳದ ಆಮೆ, ಲಿಸ್ಸೆಮಿಸ್ ಪಂಕ್ಟಾಟಾ. ಹಿಂಗಾಲು ಮುಚ್ಚುವ ಆ ಎರಡು ಚರ್ಮದ ಮುಚ್ಚಳಗಳೇ ಅದರ ಗುರುತು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಅದೂ ಇದೆ. ಹಿಡಿಯುವುದು, ಮನೆಗೆ ತರುವುದು ಅಪರಾಧ. ನೀವು ಇದ್ದಲ್ಲೇ ಉಳಿಸಿ ಬಂದಿರಿ. ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ನಿಮ್ಮ ಅನುಭವವನ್ನು ಓದಿದಾಗ ಸೇಡಂ ರಸ್ತೆಯ ತಂಗಿಯ ಮೊದಲ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಸುಲಭವಾಯಿತು. ಪ್ರತಿಯೊಂದು ಆಮೆಗೂ ತನ್ನ ನೆಲದಲ್ಲಿ ಒಂದು ಕೆಟ್ಟ ಕಾಲವಿರುತ್ತದೆ, ಮತ್ತು ಅದರ ದೇಹವೆಲ್ಲ ಆ ಕಾಲವನ್ನು ದಾಟುವುದಕ್ಕೆಂದೇ ಹದಗೊಂಡಿರುತ್ತದೆ. ಕಸ್ತೂರಿ ಆಮೆಯ ಕೆಟ್ಟ ಕಾಲ ಚಳಿಗಾಲ: ನೀರಿದೆ, ಗಾಳಿಯಿಲ್ಲ. ನಮ್ಮ ಮುಚ್ಚಳದ ಆಮೆಯ ಕೆಟ್ಟ ಕಾಲ ಬೇಸಿಗೆ: ಗಾಳಿಯಿದೆ, ನೀರಿಲ್ಲ. ಒಂದು ನೀರಿನಿಂದ ಉಸಿರು ತೆಗೆಯುವುದನ್ನು ಕಲಿತಿತು, ಇನ್ನೊಂದು ಮಣ್ಣಿನಲ್ಲಿ ಮೈಯ ತೇವ ಉಳಿಸಿಕೊಳ್ಳುವುದನ್ನು ಕಲಿತಿತು. ಕಸ್ತೂರಿ ಆಮೆಯ ಚರ್ಮದಿಂದ ನೀರು ಬೇಗ ಆರಿಹೋಗುತ್ತದೆ, ಉಳಿದ ಅನೇಕ ಆಮೆಗಳಿಗಿಂತ ಬೇಗ. ಯಾವ ಚರ್ಮ ಅದನ್ನು ಮಂಜಿನ ಕೆಳಗೆ ಕಾಯುತ್ತದೋ ಅದೇ ಚರ್ಮ ನಮ್ಮ ಮೇ ತಿಂಗಳ ಬತ್ತಿದ ಕೆರೆಯಂಗಳದಲ್ಲಿ ಅದನ್ನು ಕೊಲ್ಲುತ್ತದೆ.

ಕೋಟೆ ಬಾಗಿಲು, ಬೀದರ್:

ಮಾನ್ಯರೆ, ನಿಮ್ಮ ವಿವರಣೆಯನ್ನು ಗೌರವದಿಂದ ಓದಿದೆ, ಒಂದು ಸಂದೇಹವಿದೆ. ಶರಣಬಸವೇಶ್ವರ ಕೆರೆ ನಗರದ ನಡುವಿನ ದೊಡ್ಡ ಕೆರೆ, ಸಣ್ಣ ಊರ ಕೆರೆಯಂತಲ್ಲ. ದೇವಸ್ಥಾನದ ಬಾವಿಗಳಲ್ಲಿ ಆಮೆ ಬಿಡುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದದ್ದು. ಆಮೆ ಇದ್ದರೆ ಬಾವಿಯ ನೀರು ಶುದ್ಧವಾಗಿರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಜೋಡಿಯಿಲ್ಲದ ಒಂದೇ ಒಂದು ಆಮೆಯಿಂದ ಕೆರೆಗೆ ಏನು ಕೆಡುಕಾಗುತ್ತದೆ?

ಬೆಣ್ಣೆತೊರೆ, ಕಲಬುರಗಿ:

ಸಂದೇಹ ಸಹಜವಾದದ್ದು. ಅಜ್ಜಿಯವರು ಹೇಳಿದ ಬಾವಿಯ ಆಮೆ ಇದೇ ಸೀಮೆಯ ಕೆರೆಯಿಂದ ಬಂದದ್ದು. ಇದು ಕಡಲಾಚೆಯಿಂದ ಬಂದದ್ದು. ನಾನು ಇಬ್ಬರ ಕಡೆಯಿಂದಲೂ ನೋಡುತ್ತೇನೆ.

ಕೆರೆಯ ಕಡೆಯಿಂದ: ಅಂಗಡಿಯ ತೊಟ್ಟಿಯಲ್ಲಿ ಬೇರೆ ಬೇರೆ ದೇಶದ ಪ್ರಾಣಿಗಳೊಂದಿಗೆ ಬೆಳೆದ ಆಮೆಯ ಮೈಯಲ್ಲಿ ಯಾವ ಪರೋಪಜೀವಿ ಇದೆಯೋ ಹೊರನೋಟಕ್ಕೆ ತಿಳಿಯದು, ಮತ್ತು ಅದಕ್ಕೆ ನಮ್ಮ ಆಮೆಗಳು ಒಗ್ಗಿಕೊಂಡಿರುವುದಿಲ್ಲ. ಜೋಡಿಯಿಲ್ಲ ಎಂಬ ಮಾತೂ ಪೂರ್ತಿ ಭರವಸೆಯದಲ್ಲ. ಹೆಣ್ಣಾಮೆ ಹಿಂದಿನ ಕೂಟದ ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಉಳಿಸಿಕೊಳ್ಳಬಲ್ಲದು. ‘ಒಂದೇ ಒಂದು’ ಎಂದುಕೊಂಡು ಬಿಟ್ಟವರು ಸಹ ಒಬ್ಬರೇ ಇರುವುದಿಲ್ಲ. ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ ಅಮೆರಿಕದ ಇನ್ನೊಂದು ಆಮೆ ಹೀಗೆಯೇ, ಮರಿಯಾಗಿದ್ದಾಗ ಮಾರಾಟವಾಗಿ, ದೊಡ್ಡದಾದ ಮೇಲೆ ಬೇಡವಾಗಿ, ಲೋಕದ ಎಷ್ಟೋ ದೇಶಗಳ ಕೆರೆಗಳನ್ನು ಸೇರಿಕೊಂಡಿದೆ. ನಮ್ಮ ದೇಶದ ಕೆರೆಗಳಲ್ಲೂ ಸಿಕ್ಕಿದೆ.

ನಮ್ಮ ನೀರಿನ ಆಮೆಗಳಿಗೆ ಈಗಾಗಲೇ ಇರುವ ಕಷ್ಟ ಸಾಕಷ್ಟಿದೆ. ಕೃಷ್ಣಾ ಗೋದಾವರಿ ಕಣಿವೆಗಳಲ್ಲಿ ಲೀತ್ ಮೃದುಚಿಪ್ಪಿನ ಆಮೆ ಎಂಬುದಿದೆ. ಭಾರತದ ದಕ್ಷಿಣ ಪರ್ಯಾಯದ್ವೀಪದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರಿಯ ಬೆನ್ನಿನ ಮೇಲೆ ಕಣ್ಣಿನಂತಹ ಚುಕ್ಕೆಗಳಿರುತ್ತವೆ. ಮಾಂಸಕ್ಕಾಗಿ ಹಿಡಿದು, ನದಿಯ ಮರಳು ತೆಗೆದು, ಅದನ್ನು ಅಳಿವಿನ ಅಂಚಿಗೆ ತಂದಿದ್ದೇವೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಸಭೆ 2022ರಲ್ಲಿ ಪನಾಮಾದಲ್ಲಿ ನಡೆದಾಗ, ಭಾರತದ ಕೋರಿಕೆಯಂತೆ ಇದನ್ನು ಅತಿ ಬಿಗಿಯಾದ ಒಂದನೆಯ ಅನುಬಂಧಕ್ಕೆ ಏರಿಸಿತು. ಅದೇ ಸಭೆಯಲ್ಲಿ ಕಸ್ತೂರಿ ಆಮೆಯ ಕುಲವನ್ನೂ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು, ಏಕೆಂದರೆ ಸಾಕುಪ್ರಾಣಿ ವ್ಯಾಪಾರಕ್ಕಾಗಿ ಅವುಗಳನ್ನೂ ಕಾಡಿನಿಂದ ಹಿಡಿಯುವುದು ಹೆಚ್ಚಾಗಿತ್ತು. ಭೀಮೆಯ ಲೀತ್ ಆಮೆಯೂ ತಂಗಿಯ ಗಾಜಿನ ತೊಟ್ಟಿಯ ಆಮೆಯೂ ಒಂದೇ ಸಭೆಯಲ್ಲಿ ಕಾವಲು ಪಡೆದವು.

ಕಸ್ತೂರಿ ಆಮೆಗಳಲ್ಲಿಯೇ ಅತಿ ಕಷ್ಟದಲ್ಲಿರುವುದು ಚಪ್ಪಟೆ ಚಿಪ್ಪಿನದು. ಅಲಬಾಮಾ ರಾಜ್ಯದ ಬ್ಲ್ಯಾಕ್ ವಾರಿಯರ್ ನದಿಯ ಮೇಲ್ಭಾಗ ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ. ಕಲ್ಲಿನ ಸಂದಿಗಳಲ್ಲಿ ಅಡಗಲು ಅನುಕೂಲವಾಗುವಂತೆ ಅದರ ಚಿಪ್ಪೇ ತಟ್ಟೆಯಾಗಿದೆ. ಕಲ್ಲಿದ್ದಲು ಗಣಿಗಳಿಂದ ಹರಿದುಬಂದ ಹೂಳು ಆ ಸಂದಿಗಳನ್ನು ಮುಚ್ಚಿತು, ಅದು ತಿನ್ನುವ ಬಸವನಹುಳು ಕಪ್ಪೆಚಿಪ್ಪುಗಳನ್ನೂ ಹೂತುಹಾಕಿತು. 1987ರಲ್ಲಿ ಅಲ್ಲಿನ ಸರಕಾರ ಅದನ್ನು ಅಪಾಯದಲ್ಲಿರುವ ಜೀವಿ ಎಂದು ಘೋಷಿಸಿತು. ಹೂಳು ಎಂಬ ಪದ ನಮಗೂ ಹೊಸದಲ್ಲ.

ಆಮೆಯ ಕಡೆಯಿಂದ: ಎರಡು ವರ್ಷ ಕೈಯಿಂದ ಆಹಾರ ತಿಂದ ಪ್ರಾಣಿ ನಾಯಿ, ಮುಂಗುಸಿ, ಬಲೆ ಯಾವುದನ್ನೂ ಅರಿಯದು. ತಂಗಿ, ಪುಣ್ಯದ ಮಾತು ಅತ್ತೆಯವರಿಗೆ ಮುಖ್ಯವಾದುದರಿಂದ ಇದನ್ನು ಅವರಿಗೆ ಓದಿ ಹೇಳಿ.

ಕಾನೂನಿನ ಮಾತು ಚಿಕ್ಕದಾಗಿ: ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯ ಪ್ರಕಾರ ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು, 2024ರಲ್ಲಿ ಅದಕ್ಕೆ ನಿಯಮಗಳೂ ಬಂದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ಅರ್ಜಿ ಹಾಕುವ ವ್ಯವಸ್ಥೆಯಾಗಿದೆ. ಖರೀದಿಯ ಚೀಟಿ ಇದ್ದರೆ ತೆಗೆದುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಇದ್ದುದನ್ನು ಇದ್ದ ಹಾಗೆ ಹೇಳಿ.

ಕೋಟೆ ಬಾಗಿಲು, ಬೀದರ್:

ಒಪ್ಪಿದೆ. ವೀರ್ಯ ಉಳಿಸಿಕೊಳ್ಳುವ ವಿಷಯ ನನಗೆ ಗೊತ್ತಿರಲಿಲ್ಲ.

ಕಾಗಿಣಾ, ಶಹಾಬಾದ:

ಅಕ್ಕ, ನಿಮ್ಮದು ಗಂಡೋ ಹೆಣ್ಣೋ ನೋಡಿದಿರಾ? ಗಂಡಿನ ಬಾಲ ದಪ್ಪವಾಗಿ ಉದ್ದವಾಗಿರುತ್ತದೆ, ತುದಿಯಲ್ಲಿ ಮುಳ್ಳಿನಂತಹ ಉಗುರು ಇರುತ್ತದೆ ಎಂದು ಓದಿದೆ.

ಸೇಡಂ ರಸ್ತೆ, ಕಲಬುರಗಿ:

ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಬೇಕು. ಬಾಲ ಗಿಡ್ಡ, ಚಿಪ್ಪಿನ ಅಂಚು ದಾಟುವುದೇ ಇಲ್ಲ; ಆದ್ದರಿಂದ ಹೆಣ್ಣು ಎಂದುಕೊಂಡಿದ್ದೇವೆ. ಅಣ್ಣನ ಮಗ ಖರೀದಿಯ ಚೀಟಿಯ ಫೋಟೊ ಕಳುಹಿಸಿದ. ಅದರಲ್ಲಿ ಬರೀ ‘ಆಮೆ 1’ ಎಂದಿದೆ, ಜಾತಿಯ ಹೆಸರಿಲ್ಲ. ಅದನ್ನೇ ತೆಗೆದುಕೊಂಡು ಅರಣ್ಯ ಕಚೇರಿಗೆ ಹೋಗಿ ಬಂದೆ. ತಲೆಯ ಗೆರೆ ಕಾಣುವ ಹಾಗೆ ಮೂರು ಫೋಟೊ ಕೇಳಿದ್ದಾರೆ, ಅರ್ಜಿ ತುಂಬುತ್ತಿದ್ದೇನೆ.

ನೀರು ಅರ್ಧ ಅಡಿ ಇದೆ. ನಿನ್ನೆ ಮಧ್ಯಾಹ್ನ 27 ಡಿಗ್ರಿ ಇತ್ತು. ಗೋಣಿಚೀಲವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಎರಡು ಸಲ ತೋಯಿಸುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡಿದ್ದಾರೆ. ಕೆರೆಯ ಮಾತು ಈಗ ಎತ್ತುತ್ತಿಲ್ಲ.

ಬೀದರಿನ ಅಣ್ಣಾವ್ರು ತಮ್ಮ ತೊಟ್ಟಿಯಲ್ಲೇ ಬೆಳೆಸಿದ ಬಸವನಹುಳುಗಳನ್ನು ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳುಹಿಸಿದ್ದರು. ನಿನ್ನೆ ಸಂಜೆ ಒಂದನ್ನು ಶಹಾಬಾದ ಕಲ್ಲಿನ ಮೇಲೆ ಇಟ್ಟೆವು. ಆಮೆ ಬೇರಿನ ಸಂದಿನಿಂದ ಕುತ್ತಿಗೆ ಚಾಚಿ ಬಹಳ ಹೊತ್ತು ನೋಡಿತು. ಆಮೇಲೆ ಈಜದೆ, ತಳದ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ನಡೆದು ಬಂದು, ಮೂಗನ್ನು ಹುಳುವಿಗೆ ತಾಗಿಸಿ, ಒಮ್ಮೆಲೇ ಬಾಯಿ ಹಾಕಿತು. ಚಿಪ್ಪು ಒಡೆದ ಸದ್ದು ಗಾಜಿನ ಈಚೆಗೂ ಕೇಳಿಸಿತು. ಒಡೆದ ಚೂರುಗಳನ್ನು ಮೂಗಿನ ಮುಂದೆ ಉಗುಳಿ, ಅತ್ತೆಯವರು ಇನ್ನೊಂದನ್ನು ಹಾಕುವವರೆಗೂ ಅದು ಅಲ್ಲೇ ನಿಂತಿತ್ತು.